ಮನೆಯ ಮೂಲೆಯೋ, ಕಾಲೇಜಿನ ಬೆಂಚೋ?

ಕಳೆದ ಜೂನ್ ತಿಂಗಳ ಒಂದು ಭಾನುವಾರ, ಬೆಳಗಿನ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ, ಮಧ್ಯವಯಸ್ಸಿನ ತಾಯಿಯೊಬ್ಬರು ನಮ್ಮನ್ನು ಕಾಣಲು ಬಂದರು. ಪಿ.ಯು.ಸಿ. ತೇರ್ಗಡೆಯಾಗಿ ಇಪ್ಪತ್ತನಾಲ್ಕು ವರ್ಷಗಳು ಸಂದಿವೆ. ಖಾಸಗಿ ಸಂಸ್ಥೆಯೊಂದರಲ್ಲಿ ಗುಮಾಸ್ತೆಯ ಕೆಲಸ. ಪದವಿ ಇಲ್ಲವೆಂಬ ಒಂದೇ ಕಾರಣಕ್ಕೆ, ತಾವೇ ಕೆಲಸ ಕಲಿಸಿದ ಕಿರಿಯರ ಕೈಕೆಳಗೆ ದುಡಿಯುತ್ತಿದ್ದಾರೆ. ಈಗ ಬಿ.ಎ. ಓದುವ ಹಂಬಲ. "ಸ್ವಾಮಿ, ಆನ್‌ಲೈನ್‌ನಲ್ಲಿ ಓದಲೋ, ಕಾಲೇಜಿಗೆ ಹೋಗಲೋ?" ಎಂದು ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ತಾವೇ ಸೇರಿಸಿದರು: "ಆನ್‌ಲೈನ್ ಆದರೆ ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ."

ಆ ಕೊನೆಯ ಮಾತು ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಪ್ರಮಾಣಪತ್ರದ ಮಟ್ಟಿಗೆ ಹೇಳುವುದಾದರೆ ಪ್ರಶ್ನೆ ಬಹುತೇಕ ಇತ್ಯರ್ಥವಾಗಿದೆ. ಮಾನ್ಯತೆ ಪಡೆದ ಸಂಸ್ಥೆಯು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನೀಡುವ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಮಾನ್ಯತೆ ಎಂಬ ಪದವನ್ನು ಮಾತ್ರ ಎರಡು ಬಾರಿ ಓದಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಮಾನ್ಯತೆ ಇಲ್ಲವಾಗಿ, 2018ರಲ್ಲಿ ಅದು ಮರಳಿ ದೊರೆಯುವವರೆಗೆ ಎಷ್ಟು ಕುಟುಂಬಗಳು ತಳಮಳಿಸಿದವೆಂಬುದನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಆದುದರಿಂದ ಯಾವ ಸಂಸ್ಥೆಯೇ ಆಗಲಿ, ಯಾವ ಕೋರ್ಸೇ ಆಗಲಿ, ಆ ವರ್ಷದ ಮಟ್ಟಿಗೆ ಆಯೋಗದ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಇದೆಯೇ ಎಂದು ನೋಡದೆ ಶುಲ್ಕ ಕಟ್ಟಬಾರದು. ಎಂಜಿನಿಯರಿಂಗ್, ವೈದ್ಯಕೀಯ, ಔಷಧಶಾಸ್ತ್ರ, ವಾಸ್ತುಶಿಲ್ಪಗಳಲ್ಲಿ ಇಂಥ ಪದವಿಗೆ ಅವಕಾಶವೇ ಇಲ್ಲ. ಕೊಡುತ್ತೇವೆಂದು ಫೋನ್ ಮಾಡುವವರನ್ನು ನಂಬಬೇಡಿ.

ಆದರೆ ಆ ತಾಯಿಯ ಪ್ರಶ್ನೆ ಪ್ರಮಾಣಪತ್ರದ್ದಲ್ಲ, ಸಮಯದ್ದು. 'ಸ್ಕೂಲ್' ಎಂಬ ಪದದ ಬೇರು ಗ್ರೀಕ್ ಭಾಷೆಯ 'ಸ್ಖೊಲೆ' ಎಂದೂ, ಅದರ ಅರ್ಥ 'ಬಿಡುವು' ಎಂದೂ ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಕೇಳಿ ನಾವು ನಕ್ಕಿದ್ದೆವು. ಶಾಲೆಯಲ್ಲಿ ಬಿಡುವೆಲ್ಲಿಯದು! ಈಗ ನಗು ಬರುವುದಿಲ್ಲ. ಬಿಡುವಿಲ್ಲದವನಿಗೆ ವಿದ್ಯೆಯಿಲ್ಲ. ಸಂಜೆ ಐದೂವರೆಗೆ ಪುಸ್ತಕ ಹಿಡಿದು ಬಸ್ಸಿಗೆ ಹೊರಟ ಹೆಂಗಸಿನ ಎರಡು ಗಂಟೆಗಳನ್ನು ಮನೆಯವರೂ ನೆರೆಯವರೂ ಒಪ್ಪಿಕೊಳ್ಳುತ್ತಾರೆ. ಅದೇ ಹೆಂಗಸು ಅಡುಗೆಮನೆಯ ಮೂಲೆಯಲ್ಲಿ ಮೊಬೈಲ್ ಹಿಡಿದು ಪಾಠ ಕೇಳುತ್ತಿದ್ದರೆ, "ಸುಮ್ಮನೆ ಕುಳಿತಿದ್ದೀಯಲ್ಲ, ಒಂದು ಲೋಟ ಕಾಫಿ" ಎಂಬ ಕರೆ ಬರುತ್ತದೆ. ಆನ್‌ಲೈನ್ ಶಿಕ್ಷಣದ ಅನುಕೂಲ ಅನೇಕ ಮನೆಗಳಲ್ಲಿ ಓದುವವರ ಅನುಕೂಲವಾಗಿರದೆ ಓದದವರ ಅನುಕೂಲವಾಗಿದೆ ಎಂಬುದು ನಮ್ಮ ಅಂಬೋಣ.

ಸಂತ ಜಾನ್ ಹೆನ್ರಿ ನ್ಯೂಮನ್‌ರು 1852ರಲ್ಲಿ ಡಬ್ಲಿನ್ ನಗರದಲ್ಲಿ ವಿಶ್ವವಿದ್ಯಾನಿಲಯವನ್ನು ಕುರಿತು ಪ್ರಸಿದ್ಧ ಉಪನ್ಯಾಸಗಳನ್ನು ನೀಡಿದರು. ಪರೀಕ್ಷೆ ನಡೆಸಿ ಪದವಿ ಹಂಚುವ ಸಂಸ್ಥೆಗಿಂತ, ಅಧ್ಯಾಪಕರಿಲ್ಲದಿದ್ದರೂ ತರುಣರನ್ನು ಒಂದೆಡೆ ಕೂಡಿಸಿ ಬಾಳಿಸುವ ಸಂಸ್ಥೆಯೇ ಮೇಲು ಎಂಬುದು ಅವರ ನಿಲುವು. ಕ್ಯಾಂಪಸ್‌ನ ಪರ ವಾದಿಸುವವರು ಇದನ್ನು ಎತ್ತಿ ಹೇಳುವುದುಂಟು. ಆದರೆ 1858ರಲ್ಲಿ ಇದೇ ನ್ಯೂಮನ್‌ರು ನಗರದಲ್ಲಿ ದುಡಿಯುವವರಿಗಾಗಿ ಆರಂಭವಾದ ಸಂಧ್ಯಾ ತರಗತಿಗಳ ವಿದ್ಯಾರ್ಥಿಗಳ ಮುಂದೆ ನಿಂತು ಮಾತನಾಡಿದರೆಂಬುದನ್ನು ಮರೆಯುತ್ತಾರೆ. ಲಂಡನ್ ವಿಶ್ವವಿದ್ಯಾನಿಲಯವು ಹೊರಗಿನ ಅಭ್ಯರ್ಥಿಗಳಿಗೂ ತನ್ನ ಪರೀಕ್ಷೆಗಳ ಬಾಗಿಲು ತೆರೆದದ್ದೂ ಅದೇ ವರ್ಷ. ದುಡಿಯುವವನ ಓದಿನ ಪ್ರಶ್ನೆ ಮೊಬೈಲ್ ಬಂದ ಮೇಲೆ ಹುಟ್ಟಿದ್ದಲ್ಲ.

ಹಾಗೆಂದು ಆನ್‌ಲೈನನ್ನು ನಾವು ಹಳಿಯುವುದಿಲ್ಲ. ದುಬೈಯಲ್ಲಿ ಪಾಳಿಯ ಕೆಲಸದಲ್ಲಿರುವ ನಮ್ಮ ಹುಡುಗನಿಗೆ, ರಾತ್ರಿಪಾಳಿಯ ದಾದಿಗೆ, ಹಾಸಿಗೆ ಹಿಡಿದ ತಂದೆಯನ್ನು ಬಿಟ್ಟು ಕದಲಲಾಗದ ಮಗಳಿಗೆ ಬೇರೆ ದಾರಿಯೇ ಇಲ್ಲ. ರಾಜ್ಯ ವಿಶ್ವವಿದ್ಯಾನಿಲಯಗಳ ದೂರಶಿಕ್ಷಣಕ್ಕೆ ರಾಜ್ಯದ ಎಲ್ಲೆಯುಂಟು, ಆನ್‌ಲೈನ್ ಕೋರ್ಸಿಗೆ ಆ ಎಲ್ಲೆಯಿಲ್ಲ. ಬೆಂಗಳೂರಿನಲ್ಲಿರುವಂತೆ ಸಂಧ್ಯಾ ಕಾಲೇಜುಗಳು ಸಣ್ಣ ಊರುಗಳಲ್ಲಿ ಎಲ್ಲಿವೆ? ಹದಿನೆಂಟರ ಮಕ್ಕಳ ನಡುವೆ ಹಗಲು ಕಾಲೇಜಿಗೆ ಹೋಗಬೇಕಾದರೆ ಸಂಬಳವನ್ನೇ ಬಿಡಬೇಕು.

ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: ಮೊದಲು ಮನೆಯವರನ್ನು ಕೂರಿಸಿ ದಿನಕ್ಕೆ ಎರಡು ಗಂಟೆ ಕೇಳಿಕೊಳ್ಳಿ, ಅದು ದೊರೆತ ಮೇಲೆ ಕೋರ್ಸಿನ ಮಾತು. ತೊಂದರೆಯಿಲ್ಲವೆನ್ನಬೇಡಿ, ತೊಂದರೆಯಿದೆ, ಮನೆಯವರು ಹಂಚಿಕೊಳ್ಳಲಿ. ಎರಡು ವಾರಗಳ ನಂತರ ಅವರು ಮರಳಿ ಬಂದರು. ಪತಿ ಒಪ್ಪಿದ್ದಾರೆ, ರಾತ್ರಿಯ ಪಾತ್ರೆಗಳು ಮಗನ ಪಾಲಿಗೆ ಬಂದಿವೆ. ಮುದ್ರಿತ ಪುಸ್ತಕಗಳೂ, ಮುಖತಃ ಕೇಳುವ ಸಂಪರ್ಕ ತರಗತಿಗಳೂ ಇರುವ ದೂರಶಿಕ್ಷಣವನ್ನು ಅವರು ಆರಿಸಿಕೊಂಡಿದ್ದರು. ಆದರೆ ಮನೆಯಲ್ಲಿ ಮೇಜಿಲ್ಲ, ಟಿ.ವಿ.ಯ ಸದ್ದು ನಿಲ್ಲುವುದಿಲ್ಲ.

ಜ್ಞಾನೋಪದೇಶದ ಕೊಠಡಿ ವಾರದಲ್ಲಿ ಆರು ದಿನ ಖಾಲಿ ಬಿದ್ದಿರುತ್ತದೆ. ಅದರ ಬೀಗದ ಕೈಯನ್ನು ಅವರಿಗೆ ಕೊಟ್ಟೆವು. ಈಗ ಸಂಜೆ ಏಳಕ್ಕೆ ಅಲ್ಲಿ ದೀಪ ಉರಿಯುತ್ತದೆ. ಆಟೋ ಓಡಿಸುವ ಒಬ್ಬರೂ, ಹೊಲಿಗೆಯ ಕೆಲಸದ ಇಬ್ಬರು ಸೋದರಿಯರೂ ಸೇರಿ ನಾಲ್ವರಾಗಿದ್ದಾರೆ. ಒಬ್ಬರದು ಆನ್‌ಲೈನ್ ಕೋರ್ಸು, ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕುಳಿತಿರುತ್ತಾರೆ. ಕಳೆದ ತಿಂಗಳ ಸಭೆಯಲ್ಲಿ ಪಾಲನಾ ಸಮಿತಿಯ ಹಿರಿಯರೊಬ್ಬರು ವಿದ್ಯುತ್ ಬಿಲ್ಲಿನ ವಿಷಯವೆತ್ತಿದರು. ಮುಂದಿನ ಸಭೆಯನ್ನು ಅದೇ ಕೊಠಡಿಯಲ್ಲಿ, ಸಂಜೆ ಏಳಕ್ಕೆ ಕರೆದಿದ್ದೇವೆ.