ಪುಕ್ಕಟೆ ಸುಖಕ್ಕೆ ಗಮನವೇ ಬೆಲೆ: ಜ್ಞಾನಭಾರತಿಯ ನೆರೆಹೊರೆಯವರಿಗೊಂದು ಮನವಿ

ನಾಗರಬಾವಿ, ಮಲ್ಲತ್ತಹಳ್ಳಿ, ಉಳ್ಳಾಲ, ಕೆಂಗೇರಿ, ರಾಜರಾಜೇಶ್ವರಿನಗರದ ಬಂಧುಗಳೇ, ನಮ್ಮ ಮನೆಗಳಿಂದ ಒಂದೆರಡು ಬಸ್ ಸ್ಟಾಪ್ ದೂರದಲ್ಲಿ ಸಾವಿರ ಎಕರೆಗೂ ಮಿಕ್ಕಿದ ಹಸಿರಿದೆ, ಅದೇ ಜ್ಞಾನಭಾರತಿ ಆವರಣ. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ 1970ರ ದಶಕದಲ್ಲಿ ಇಲ್ಲಿಗೆ ಬಂದಾಗ ಇದು ಊರಾಚೆಯ ಜಾಗ. ಆಮೇಲೆ ಊರೇ ಇದನ್ನು ಹುಡುಕಿಕೊಂಡು ಬಂತು. ಬಡಾವಣೆಗಳು ಎದ್ದವು, ರಿಂಗ್ ರಸ್ತೆ ಬಂತು, 2021ರ ಆಗಸ್ಟ್ ಕೊನೆಗೆ ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ ನೇರಳೆ ಮಾರ್ಗದ ಮೆಟ್ರೋ ಓಡತೊಡಗಿತು, ಆವರಣದ ಹೆಸರನ್ನೇ ಹೊತ್ತ ನಿಲ್ದಾಣವೂ ಆಯಿತು. ಇಷ್ಟೆಲ್ಲ ಕಾಂಕ್ರೀಟಿನ ನಡುವೆ ಈ ಹಸಿರು ಉಳಿದಿರುವುದು ತಾನಾಗಿ ಅಲ್ಲ. ಅಧ್ಯಾಪಕರು, ಎನ್‌ಎಸ್‌ಎಸ್ ವಿದ್ಯಾರ್ಥಿಗಳು, ತೋಟದ ಕೆಲಸಗಾರರು ವರ್ಷಗಟ್ಟಲೆ ಗುಂಡಿ ತೋಡಿ, ಸಸಿ ನೆಟ್ಟು, ನೀರು ಹೊತ್ತು ಬೆಳೆಸಿದ ಜೈವಿಕ ವನ ಇದರ ದೊಡ್ಡ ಭಾಗ. ಬೆಳಗಾದರೆ ನಮ್ಮಲ್ಲಿ ಎಷ್ಟೋ ಜನ ಇಲ್ಲಿ ವಾಕಿಂಗ್ ಹೋಗುತ್ತೇವೆ, ಪೈಸೆ ಖರ್ಚಿಲ್ಲದೆ. ಅಂಥವರಲ್ಲಿ ಒಂದೇ ಕೋರಿಕೆ: ಇಲ್ಲಿಗೆ ಬರುವಾಗ ನಿಮ್ಮ ಗಮನವನ್ನೂ ಜೊತೆಗೆ ತನ್ನಿ. ಈ ಕೋರಿಕೆ ನಮ್ಮ ನೆಮ್ಮದಿಗೆ ಸಂಬಂಧಿಸಿದ್ದು ಹೌದು. ಅದಕ್ಕಿಂತ ಹೆಚ್ಚಾಗಿ ಇದು ಈ ಹಸಿರಿನ ಅಳಿವು ಉಳಿವಿಗೆ ಸಂಬಂಧಿಸಿದ್ದು ಎಂಬುದನ್ನು ಮುಂದೆ ತೋರಿಸಲು ಯತ್ನಿಸುತ್ತೇನೆ.

ನಾವು ಕಳೆದುಕೊಳ್ಳುತ್ತಿರುವುದು ಏನು ಎಂಬುದಕ್ಕೆ ಒಂದು ಹೊಂಗೆ ಮರ ಸಾಕು. ಚಳಿಗಾಲ ಮುಗಿಯುವ ಹೊತ್ತಿಗೆ ಅದು ಎಲೆ ಉದುರಿಸುತ್ತದೆ. ಯುಗಾದಿಯ ಸುಮಾರಿಗೆ ನೋಡನೋಡುತ್ತಿದ್ದಂತೆ ಎಣ್ಣೆ ಸವರಿದ ಹಾಗೆ ಮಿರುಗುವ ಹೊಸ ಎಲೆ ತುಂಬಿಕೊಳ್ಳುತ್ತದೆ. ಬಿಸಿಲು ಏರುವ ತಿಂಗಳಲ್ಲೇ ಅದರ ನೆರಳು ದಟ್ಟವಾಗುತ್ತದೆ. ಎಲೆಯ ಹಿಂದೆಯೇ ಹೂವು. ಬಿಳಿಗೆ ತುಸು ನೇರಳೆ ಬೆರೆತ, ಅವರೆ ಹೂವಿನ ಆಕಾರದ ಪುಟ್ಟ ಹೂಗಳು ಬೆಳಗಿನ ಹೊತ್ತಿಗೆ ಮರದಡಿ ಕಡಲೆಪುರಿ ಚೆಲ್ಲಿದಂತೆ ಬಿದ್ದಿರುತ್ತವೆ. ನಿಂತು ಕಿವಿಗೊಟ್ಟರೆ ಮೇಲೆ ಜೇನಿನ ಝೇಂಕಾರ. ಪಕ್ಕದ ಒಣ ರೆಂಬೆಯ ತುದಿಯಲ್ಲಿ ಕಂಚುಕುಟಿಗ ಹಕ್ಕಿ ಕೂತಿದ್ದರೆ ಟುಕ್ ಟುಕ್ ಟುಕ್ ಎಂದು ತಾಳ ತಪ್ಪದೆ ನಿಮಿಷಗಟ್ಟಲೆ ಕೂಗುತ್ತದೆ. ಗುಬ್ಬಿಗಿಂತ ತುಸು ದೊಡ್ಡದು. ಹಸಿರು ಮೈ, ಹಣೆಗೆ ಕೆಂಪು, ಕಣ್ಣಿನ ಸುತ್ತ ಹಳದಿ. ಕಿವಿಗೆ ಬೀಳದೆ ಇರುವಷ್ಟು ಮೆಲ್ಲಗೆ ಅದು ಕೂಗುವುದೇ ಇಲ್ಲ. ಆದರೂ ಅದರ ಕೆಳಗೇ ಹಾದುಹೋಗುವ ನಮ್ಮಲ್ಲಿ ಹಲವರಿಗೆ ಕೇಳಿಸುವುದಿಲ್ಲ, ಏಕೆಂದರೆ ಕಿವಿಯಲ್ಲಿ ಇಯರ್‌ಫೋನ್ ಇದೆ. ಇಯರ್‌ಫೋನ್ ಇಲ್ಲದವರಿಗೂ ಕೇಳಿಸುವುದು ಕಷ್ಟವೇ. ಅವರ ತಲೆಯಲ್ಲಿ ಮಗನ ಸಿಇಟಿ ರ‍್ಯಾಂಕು, ಮನೆಯ ಇಎಂಐ, ಸೈಟಿನ ಖಾತೆ ಓಡುತ್ತಿರುತ್ತವೆ. ಕಾಲು ಜ್ಞಾನಭಾರತಿಯಲ್ಲಿ, ಮನಸ್ಸು ಇನ್ನೆಲ್ಲೋ.

ಇದರಿಂದ ನಷ್ಟವೇನು ಎಂದು ಕೇಳಬಹುದು. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆರವಿಗೆ ಬರುತ್ತದೆ. 2,250 ವಯಸ್ಕರಿಗೆ ಅವರ ಫೋನಿನ ಮೂಲಕವೇ ದಿನದ ಯಾವುದೋ ಹೊತ್ತಿನಲ್ಲಿ ಮೂರು ಪ್ರಶ್ನೆ ಹೋಗುತ್ತಿತ್ತು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ, ಹೇಗೆನಿಸುತ್ತಿದೆ? ಸುಮಾರು ಶೇ. 47ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಹಾಗೆ ಅಲೆಯುವಾಗ ಜನ ಕಡಿಮೆ ಸಂತೋಷದಲ್ಲಿದ್ದರು. ಹಿತವಾದ ಸಂಗತಿಯ ಕಡೆಗೆ ಅಲೆದ ಮನಸ್ಸು ಕೂಡ ಇದ್ದಲ್ಲೇ ಇದ್ದ ಮನಸ್ಸಿಗಿಂತ ಹೆಚ್ಚು ಸುಖವಾಗಿರಲಿಲ್ಲ. ಯಾವ ಕೆಲಸ ಮಾಡುತ್ತಿದ್ದರು ಎನ್ನುವುದಕ್ಕಿಂತ ಮನಸ್ಸು ಅಲ್ಲಿತ್ತೇ ಎನ್ನುವುದೇ ಅವರ ನೆಮ್ಮದಿಯನ್ನು ಹೆಚ್ಚು ಚೆನ್ನಾಗಿ ಹೇಳುತ್ತಿತ್ತು. ಈ ಮಾತನ್ನು ನಮ್ಮ ವಾಕಿಂಗಿಗೆ ಅನ್ವಯಿಸಿದರೆ ಲೆಕ್ಕ ಸರಳ. ದುಡ್ಡು ಕೊಟ್ಟು ಕೊಂಡ ಸಿನಿಮಾ ಟಿಕೆಟ್ ನಮ್ಮ ಗಮನವನ್ನು ತಾನೇ ಎಳೆದು ಕೂರಿಸಿಕೊಳ್ಳುತ್ತದೆ. ಹೊಂಗೆಗೆ ಆ ಉಸಾಬರಿ ಇಲ್ಲ. ಅದು ಜಾಹೀರಾತು ಕೊಡುವುದಿಲ್ಲ, ನೋಟಿಫಿಕೇಶನ್ ಕಳಿಸುವುದಿಲ್ಲ. ಪುಕ್ಕಟೆ ಸಿಗುವ ಸುಖಗಳಿಗೆ ಬೆಲೆಯೇ ಇಲ್ಲ ಎಂದುಕೊಂಡದ್ದು ನಮ್ಮ ತಪ್ಪು ಲೆಕ್ಕ. ಅವುಗಳ ಬೆಲೆ ಗಮನ. ಆ ಬೆಲೆ ತೆರದವನಿಗೆ ಸಾವಿರ ಎಕರೆ ಇದ್ದರೂ ಸಿಗುವುದು ಬೆವರು ಮಾತ್ರ.

ಕಣ್ಣೆದುರೇ ಇರುವುದು ಯಾಕೆ ಕಾಣದಂತಾಗುತ್ತದೆ? ರೂಢಿಯಾದದ್ದನ್ನು ಮನಸ್ಸು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಆ ರೂಢಿಯನ್ನು ಮುರಿಯಲು ನಮಗೆ ಗೊತ್ತಿರುವ ದಾರಿ ಒಂದೇ, ಕಳೆದುಕೊಳ್ಳುವುದು. 2024ರ ಬೇಸಿಗೆ ನೆನಪಿಸಿಕೊಳ್ಳಿ. ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು, ಏಪ್ರಿಲ್ ತಿಂಗಳನ್ನು ಪೂರ್ತಿ ಮಳೆಯಿಲ್ಲದೆ ಕಳೆದ ಬೆಂಗಳೂರು ಮೇ ಮೊದಲ ವಾರ ಹನಿ ಬಿದ್ದಾಗ ಬಾಲ್ಕನಿಗೂ ಬೀದಿಗೂ ಓಡಿತು. ದೊಡ್ಡವರೂ ಕೈ ಚಾಚಿ ನಿಂತರು, ಮಣ್ಣಿನ ವಾಸನೆಯ ಬಗ್ಗೆ ಇಡೀ ಊರು ಮಾತಾಡಿತು. ಮಳೆ ಹಳೆಯದೇ, ವಾಸನೆಯೂ ಹಳೆಯದೇ, ಹೊಸದಾಗಿದ್ದು ನಮ್ಮ ಗಮನ. 2020ರ ಲಾಕ್‌ಡೌನಿನಲ್ಲಿ ವಾಹನಗಳ ಸದ್ದು ನಿಂತಾಗ ಹಕ್ಕಿಗಳ ಕೂಗು ಕೇಳಿಸಿದ್ದೂ ಹೀಗೆಯೇ. ಕಳೆದುಕೊಂಡು ಎಚ್ಚರಾಗುವುದು ದುಬಾರಿ ಪಾಠ. ಇದ್ದಾಗಲೇ ಎಚ್ಚರವಾಗಿರುವುದಕ್ಕೆ ನಮ್ಮ ಹಿರಿಯರು ಇಟ್ಟುಕೊಂಡಿದ್ದ ಉಪಾಯ ಕೃತಜ್ಞತೆ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲ್ಲೊ 2003ರಲ್ಲಿ ಇದನ್ನು ಪರೀಕ್ಷೆಗೂ ಒಡ್ಡಿದರು. ವಾರಕ್ಕೊಮ್ಮೆ ತಮಗೆ ದಕ್ಕಿದ ಒಳಿತುಗಳನ್ನು ಬರೆದಿಟ್ಟವರು, ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದ ಮಾತಾಡಿದರು. ಪರಿಣಾಮ ಅಷ್ಟೇನೂ ದೊಡ್ಡದಲ್ಲ ಎಂದು ನಂತರದ ಸಂಶೋಧಕರು ತಿದ್ದಿದ್ದಾರೆ, ಅದನ್ನೂ ಒಪ್ಪೋಣ. ಕೃತಜ್ಞತೆ ಔಷಧಿಯಂತೆ ಕೆಲಸ ಮಾಡಬೇಕೆಂದು ಯಾರೂ ಕೇಳುತ್ತಿಲ್ಲ. ‘ಇದು ತಾನಾಗಿ ಇರುವುದಲ್ಲ, ಯಾರೋ ಮಾಡಿದ್ದು, ನಾಳೆ ಇಲ್ಲವಾಗಲೂಬಹುದು’ ಎಂಬ ನೆನಪನ್ನು ಅದು ಜೀವಂತ ಇಟ್ಟರೆ ಸಾಕು.

ಆ ನೆನಪು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಈ ಆವರಣದ ಮಗ್ಗುಲಲ್ಲೇ ಹರಿಯುತ್ತಿದೆ. ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಎಂಬುದು ಊರಿನ ನಂಬಿಕೆ. ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿ ನಿಂತಿರುವುದು ಈ ಹೊಳೆಯ ದಂಡೆಯಲ್ಲಿ. ಅಲ್ಲಿಂದ ಮೈಸೂರು ರಸ್ತೆಯ ಜೊತೆಗೇ ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ತುಂಬಿ, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಒಂದು ಕಾಲಕ್ಕೆ ಇದೂ ಪುಕ್ಕಟೆ ಸುಖವೇ ಆಗಿತ್ತು. ಹೊಳೆ, ದಂಡೆ, ತಂಗಾಳಿ, ಗುಡಿ, ಎಲ್ಲವೂ. ಇಂದು ನಾಯಂಡಹಳ್ಳಿ ಬಂತೆಂದರೆ ಬಸ್ಸಿನಲ್ಲಿದ್ದವರ ಕೈ ಮೂಗಿಗೆ ಹೋಗುತ್ತದೆ. ಅದು ನದಿ ಎಂದು ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ದೊಡ್ಡ ಮೋರಿ ಎಂದೇ ಅವರು ತಿಳಿದಿದ್ದಾರೆ. ಇದನ್ನು ಕೆಡಿಸಿದ್ದು ಒಳಚರಂಡಿಯ ಕೊಳೆ, ಕಾರ್ಖಾನೆಗಳ ತ್ಯಾಜ್ಯ, ಕಣ್ಣುಮುಚ್ಚಿದ ಆಡಳಿತ. ಆ ಹೊಣೆಯನ್ನು ನಡೆದಾಡುವವರ ಮೇಲೆ ಹೊರಿಸುವುದು ಅನ್ಯಾಯ. ಆದರೆ ಕೊಳೆ ಒಂದೇ ದಿನದಲ್ಲಿ ಬರಲಿಲ್ಲ. ನೀರಿನ ಬಣ್ಣ ಬದಲಾದಾಗ, ಮೀನು ಕಾಣದಾದಾಗ, ದಂಡೆ ಕುಗ್ಗಿದಾಗ ಹೊಳೆಯ ಹತ್ತಿರ ದಿನವೂ ಕೂತು ನೋಡುವವರು ಸಾಕಷ್ಟಿದ್ದಿದ್ದರೆ ಗಲಾಟೆಯೂ ಬೇಗ ಏಳುತ್ತಿತ್ತು. ಯಾರೂ ಸವಿಯದ ವಸ್ತು ಹೋದಾಗ ದೂರು ಕೊಡುವವರೂ ಇರುವುದಿಲ್ಲ. ಹಾಗಾಗಿ ಗಮನವಿಟ್ಟು ನೋಡುವುದು ವೈಯಕ್ತಿಕ ಸುಖದ ವಿಚಾರವಾಗಿ ಶುರುವಾದರೂ ಅಲ್ಲಿಗೇ ನಿಲ್ಲುವುದಿಲ್ಲ. ಅದು ಕಾವಲಿನ ಮೊದಲ ಹೆಜ್ಜೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ ಗಾರ್ಮೆಂಟ್ಸಿಗೆ ಓಡುವ ಹೆಂಗಸಿಗೆ, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರಿಗೆ, ದಿನಕ್ಕೆ ಹದಿನಾಲ್ಕು ಗಂಟೆ ಆಟೋ ಓಡಿಸುವವರಿಗೆ ಹೂವು ಹಕ್ಕಿ ನೋಡುವ ಪುರುಸೊತ್ತು ಎಲ್ಲಿದೆ? ಸಂಜೆ ಬೀದಿದೀಪವಿಲ್ಲದ ದಾರಿಯಲ್ಲಿ ಒಬ್ಬಳೇ ನಡೆಯಲು ಹೆದರುವ ವಿದ್ಯಾರ್ಥಿನಿಗೆ ‘ಈ ಕ್ಷಣದಲ್ಲಿರು’ ಎನ್ನುವ ಉಪದೇಶ ಯಾವ ಕೆಲಸಕ್ಕೆ? ಈ ಮಾತು ನಿಜ. ಪುಕ್ಕಟೆ ಸುಖವೂ ಎಲ್ಲರಿಗೂ ಸಮನಾಗಿ ಪುಕ್ಕಟೆ ಆಗಿಲ್ಲ. ಬಿಡುವು, ಭದ್ರತೆ, ನಡೆಯಲು ಫುಟ್‌ಪಾತ್, ಶುಚಿಯಾದ ಶೌಚಾಲಯ ಇದ್ದವರಿಗೆ ಅದು ಸುಲಭ. ಆದರೆ ಇದರಿಂದ ಬರುವ ತೀರ್ಮಾನ ‘ಹಾಗಾದರೆ ಬಿಟ್ಟುಬಿಡೋಣ’ ಎಂಬುದಲ್ಲ. ದುಡ್ಡುಳ್ಳವರಿಗೆ ರೆಸಾರ್ಟ್ ಇದೆ, ಕ್ಲಬ್ ಇದೆ, ಕೂರ್ಗಿನ ಹೋಮ್‌ಸ್ಟೇ ಇದೆ. ಇಲ್ಲದವರಿಗೆ ಉಳಿದಿರುವುದು ಸಾರ್ವಜನಿಕ ಮರ, ಸಾರ್ವಜನಿಕ ಕೆರೆ, ಸಾರ್ವಜನಿಕ ಬೆಂಚು. ಅವು ಕಡಿಮೆಯಾದರೆ ಮೊದಲ ಪೆಟ್ಟು ಬೀಳುವುದು ಅವರಿಗೇ. ಆದ್ದರಿಂದ ಬಿಡುವು ಇರುವವರು ಈ ಸುಖವನ್ನು ಸವಿಯುವ ಜೊತೆಗೆ, ಇಲ್ಲದವರಿಗೂ ಅದು ಎಟುಕುವಂತೆ ದೀಪ, ದಾರಿ, ಬೆಂಚು ಕೇಳಬೇಕು. ಬರೀ ಧನ್ಯೋಸ್ಮಿ ಎಂದು ಕೈ ಮುಗಿದು ಮನೆಗೆ ಹೋಗುವುದು ಅರ್ಧ ಕೃತಜ್ಞತೆ.

ಎರಡನೆಯ ಆಕ್ಷೇಪ ಇದಕ್ಕಿಂತ ಚೂಪು. ‘ಇದ್ದುದರಲ್ಲೇ ತೃಪ್ತಿಪಡು’ ಎನ್ನುವುದು ಶತಮಾನಗಳಿಂದ ಕೆಳಗಿದ್ದವರನ್ನು ಸುಮ್ಮನಿರಿಸಲು ಬಳಸಿದ ಮಂತ್ರ, ನೀವೂ ಅದನ್ನೇ ಹೊಸ ಬಾಟಲಿಯಲ್ಲಿ ಕೊಡುತ್ತಿಲ್ಲವೇ ಎಂದು ಕೇಳಬಹುದು. ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಇದೇ ಜ್ಞಾನಭಾರತಿಯ ಕನ್ನಡ ಅಧ್ಯಯನ ಕೇಂದ್ರದಲ್ಲಿ ಸಿದ್ಧಲಿಂಗಯ್ಯನವರು ಪಾಠ ಮಾಡಿದರು. 1975ರಲ್ಲಿ ‘ಹೊಲೆಮಾದಿಗರ ಹಾಡು’ ತಂದವರು, ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರಲ್ಲಿ ಒಬ್ಬರು, ನಾಡಿನ ಬೀದಿಬೀದಿಯ ಮೆರವಣಿಗೆಗಳಿಗೆ ಹಾಡು ಕೊಟ್ಟವರು. ಅವರ ಆತ್ಮಕಥನ ‘ಊರುಕೇರಿ’ ಓದಿದವರಿಗೆ ಗೊತ್ತು, ಹಸಿವು ಅವಮಾನಗಳ ಆ ಕಥೆಯಲ್ಲಿ ನಗು ಎಷ್ಟು ಧಾರಾಳವಾಗಿದೆ ಎಂದು. ಬಡತನದ ನಡುವೆಯೂ ಸಣ್ಣ ಖುಷಿಗಳನ್ನು ಹಿಡಿದಿಡುವ ಕಣ್ಣು ಅವರ ಹೋರಾಟವನ್ನು ಮೊಂಡು ಮಾಡಲಿಲ್ಲ. ಕನ್ನಡದಲ್ಲಿ ಬೆಳಗನ್ನು ಕುರಿತು ಎಲ್ಲರ ನೆನಪಿನಲ್ಲಿರುವ ಕವಿತೆ ಬರೆದ ಬೇಂದ್ರೆಯವರೇ ‘ನರಬಲಿ’ ಕವಿತೆಗಾಗಿ ಜೈಲಿಗೂ ಹೋಗಿ ಬಂದರು, ವರ್ಷಗಟ್ಟಲೆ ಕೆಲಸವಿಲ್ಲದೆಯೂ ಇದ್ದರು. ಬೆಳಗಿನ ಸೊಬಗಿಗೆ ಮನಸೋಲುವುದೂ ಅನ್ಯಾಯಕ್ಕೆ ಮಣಿಯದಿರುವುದೂ ಒಂದೇ ಎದೆಯಲ್ಲಿ ಇರಬಲ್ಲವು. ಸಿಕ್ಕಿದ್ದಕ್ಕೆ ಋಣಿಯಾಗಿರುವುದು ಸಿಗಬೇಕಾದ್ದನ್ನು ಬಿಟ್ಟುಕೊಡುವುದಲ್ಲ. ಬದುಕಿನ ರುಚಿ ಗೊತ್ತಿದ್ದವನೇ ಅದನ್ನು ಕಸಿದುಕೊಂಡಾಗ ಜೋರಾಗಿ ಕೇಳುತ್ತಾನೆ.

ಮೂರನೆಯದು ಫೋನಿನ ಪರವಾದ ವಾದ. ಹಾಡು ಕೇಳುತ್ತ ನಡೆಯುವುದೂ ಸುಖವೇ, ನವಿಲು ಕಂಡರೆ ಫೋಟೋ ತೆಗೆದು ಊರಿನ ಅಮ್ಮನಿಗೆ ಕಳಿಸುವುದೂ ಪ್ರೀತಿಯೇ ಎನ್ನುತ್ತಾರೆ. ಖಂಡಿತ. ಫೋನನ್ನು ಶತ್ರು ಮಾಡುವ ಉದ್ದೇಶ ಇಲ್ಲಿಲ್ಲ, ಮೇಲೆ ಹೇಳಿದ ಅಧ್ಯಯನ ನಡೆದದ್ದೂ ಫೋನಿನ ಮೂಲಕವೇ. ಆದರೆ ಹಾಡನ್ನು ಬಿಎಂಟಿಸಿ ಬಸ್ಸಿನಲ್ಲೂ ಕೇಳಬಹುದು, ಹೊಂಗೆಯಡಿಯ ಜೇನಿನ ಸದ್ದು ಬಸ್ಸಿನಲ್ಲಿ ಸಿಗುವುದಿಲ್ಲ. ಮೊದಲು ಕಣ್ತುಂಬ ನೋಡಿ, ಆಮೇಲೆ ಬೇಕಿದ್ದರೆ ಫೋಟೋ. ರೀಲ್ಸಿಗಾಗಿ ನವಿಲನ್ನು ಅಟ್ಟಿಕೊಂಡು ಹೋದರೆ ಅಮ್ಮನಿಗೆ ಸಿಗುವುದು ಓಡುತ್ತಿರುವ ಬಾಲ ಮಾತ್ರ.

ಕೊನೆಯದಾಗಿ, ಇದು ಉದ್ಯಾನವಲ್ಲ, ವಿಶ್ವವಿದ್ಯಾಲಯ ಎಂಬುದನ್ನು ಮರೆಯಬಾರದು. ನಾವು ಇಲ್ಲಿ ಅತಿಥಿಗಳು. 2022ರಲ್ಲಿ ಆವರಣದೊಳಗೆ ವಿದ್ಯಾರ್ಥಿನಿಯೊಬ್ಬರು ಬಸ್ ಅಪಘಾತಕ್ಕೆ ಈಡಾದ ಮೇಲೆ, ಹೊರಗಿನ ವಾಹನಗಳ ಓಡಾಟ ನಿಲ್ಲಿಸಿ ಎಂದು ವಿದ್ಯಾರ್ಥಿಗಳು ಬೀದಿಗಿಳಿದರು. ಮೈಸೂರು ರಸ್ತೆಯಿಂದ ನಾಗರಬಾವಿಗೆ ಐದು ನಿಮಿಷ ಉಳಿಸಲು ಈ ರಸ್ತೆಗಳನ್ನು ಅಡ್ಡದಾರಿ ಮಾಡಿಕೊಂಡ ನಮ್ಮ ಆತುರಕ್ಕೂ ಆ ಆಕ್ರೋಶಕ್ಕೂ ಸಂಬಂಧವಿದೆ. ಗಮನವಿಲ್ಲದವರಿಗೆ ಈ ಕಾಡು ಬರೀ ಶಾರ್ಟ್‌ಕಟ್. ಗಮನವಿಟ್ಟವರಿಗೆ ಅದೊಂದು ಮನೆಯಂಗಳ, ಅಲ್ಲಿ ಮಕ್ಕಳು ಓದುತ್ತಿದ್ದಾರೆ, ಹಾರ್ನ್ ಹೊಡೆಯಬಾರದು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಆದ್ದರಿಂದ ಬಂಧುಗಳೇ, ಕೋರಿಕೆಗಳು ಸಣ್ಣವು. ನಿಮ್ಮ ವಾಕಿಂಗಿನ ಒಂದು ಸುತ್ತನ್ನಾದರೂ ಫೋನ್ ಜೇಬಿನಲ್ಲಿಟ್ಟು ನಡೆಯಿರಿ. ವರ್ಷಕ್ಕೆ ಒಂದೇ ಒಂದು ಮರವನ್ನು ಆರಿಸಿಕೊಂಡು, ಅದು ಯಾವಾಗ ಎಲೆ ಉದುರಿಸುತ್ತದೆ, ಯಾವಾಗ ಹೂ ಬಿಡುತ್ತದೆ, ಯಾವ ಹಕ್ಕಿ ಬರುತ್ತದೆ ಎಂದು ಗುರುತಿಟ್ಟುಕೊಳ್ಳಿ. ಮನೆಯ ಮಗುವಿಗೆ ಮೂರು ಹಕ್ಕಿಗಳ ಹೆಸರು ಕಲಿಸಿ. ನಿಮಗೇ ಗೊತ್ತಿಲ್ಲದಿದ್ದರೆ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇದ್ದೇ ಇದೆ, ಇಬ್ಬರೂ ಕೂಡಿ ಕಲಿಯಿರಿ. ಗೇಟಿನ ಕಾವಲುಗಾರರಿಗೆ, ಎಲೆ ಗುಡಿಸುವ ಅಕ್ಕಂದಿರಿಗೆ, ಗಿಡಕ್ಕೆ ನೀರು ಬಿಡುವವರಿಗೆ ನಿಂತು ಒಂದು ನಮಸ್ಕಾರ ಹೇಳಿ, ಅವರ ಕಷ್ಟವೇನೆಂದು ವಿಚಾರಿಸಿ. ತಂದ ನೀರಿನ ಬಾಟಲಿಯನ್ನು ಮನೆಗೇ ಒಯ್ಯಿರಿ. ಕಾರು ಸ್ಕೂಟರಿಗೆ ಹೊರಗಿನ ರಸ್ತೆಯೇ ಸಾಕು. ಮತ್ತು ಯಾವತ್ತಾದರೂ ನೀವು ಗುರುತಿಟ್ಟುಕೊಂಡ ಮರದ ಬುಡಕ್ಕೆ ಗರಗಸ ಬಂದರೆ, ಮಲ್ಲತ್ತಹಳ್ಳಿ ಕೆರೆಗೆ ಕೊಳೆ ನೀರು ಬಂದರೆ ಸುಮ್ಮನಿರಬೇಡಿ. ವಿಶ್ವವಿದ್ಯಾಲಯಕ್ಕೆ, ಪಾಲಿಕೆಗೆ, ಶಾಸಕರಿಗೆ ಬರೆಯಿರಿ. ‘ಎಷ್ಟೋ ಮರಗಳಲ್ಲಿ ಒಂದು’ ಎಂದು ಬರೆದ ಅರ್ಜಿ ಕಡತದಲ್ಲಿ ಮಲಗುತ್ತದೆ. ‘ಕಳೆದ ಯುಗಾದಿಗೆ ಚಿಗುರಿದ, ಇಂಥ ತಿರುವಿನಲ್ಲಿರುವ ಈ ಹೊಂಗೆ’ ಎಂದು ಬರೆದವರನ್ನು ಅಷ್ಟು ಸುಲಭವಾಗಿ ಸಾಗಹಾಕಲು ಬರುವುದಿಲ್ಲ. ಹಾಗೆ ಬರೆಯುವ ಸಾವಿರ ಜನ ನಮ್ಮ ಬಡಾವಣೆಗಳಲ್ಲಿ ತಯಾರಾದರೆ ಜ್ಞಾನಭಾರತಿ ಇನ್ನೊಂದು ವೃಷಭಾವತಿ ಆಗುವುದಿಲ್ಲ.