ಪರಿಷೆ ಪಾಲಿಕೆಗೆ ಕೊಟ್ಟರೆ ಲೆಕ್ಕ ಸಿಗುತ್ತದೆಯೇ?

ಮಲ್ಲೇಶ್ವರದ ಕಡಲೆಕಾಯಿ ಪರಿಷೆಯನ್ನು ಬಡಾವಣೆಯ ಸಂಘದವರ ಕೈಯಿಂದ ಕಿತ್ತು ಪಾಲಿಕೆಗೆ ಒಪ್ಪಿಸಿ ಎಂದು ಕಳೆದ ವಾರ ಬರೆದವರಿಗೆ ಒಂದು ಮಾತು. ಯಾವ ಪಾಲಿಕೆ ಸ್ವಾಮಿ? ನಮ್ಮ ಕಾರ್ಪೊರೇಟರುಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದಾಗಲೂ ಚುನಾವಣೆ ನಡೆದಿರಲಿಲ್ಲ. ಐದು ವರ್ಷ ಮತ ಕೇಳದೆ ನಡೆದ ಕಚೇರಿ ಸಂಘದವರಿಗೆ ಪ್ರಜಾಪ್ರಭುತ್ವದ ಪಾಠ ಹೇಳಬೇಕೆ?

ಹಾಗಂತ ಸಂಘದವರೆಲ್ಲ ಸಾಚಾ ಎನ್ನುತ್ತಿಲ್ಲ. ಗಣೇಶನ ಚಂದಾಕ್ಕೆ ಬಂದ ಯುವಕರ ಸಂಘವೊಂದರ ರಸೀದಿ ಇನ್ನೂ ನನ್ನ ಬಳಿ ಇದೆ: ಬಣ್ಣಬಣ್ಣದಲ್ಲಿ ಮುಖಂಡರ ಫೋಟೊ, ಕ್ರಮಸಂಖ್ಯೆ ಮಾತ್ರ ಇಲ್ಲ! ಇದಕ್ಕೆ ಮದ್ದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲೇ ಇದೆ. ನೋಂದಾಯಿತ ಸಂಘ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ ಅರ್ಜಿ ಹಾಕಿದರೆ 25ನೇ ಕಲಂ ಪ್ರಕಾರ ವಿಚಾರಣೆ. ಅರ್ಜಿ ಹಾಕಲು ಮೊದಲು ಸದಸ್ಯರಾಗಬೇಕಲ್ಲ! ನಾವೋ, ಕಾಡುಮಲ್ಲೇಶ್ವರನ ಬೀದಿಯಲ್ಲಿ ಸೇರು ಕಡಲೆಕಾಯಿಗೆ ಹತ್ತು ರೂಪಾಯಿ ಚೌಕಾಸಿ ಮಾಡುತ್ತೇವೆ. ಸಭೆಯ ದಿನ ಮನೆಯಲ್ಲಿ ಕಾಫಿ ಕುಡಿಯುತ್ತೇವೆ. ಅಂದಹಾಗೆ, ತಾವು ಯಾವ ಸಂಘದ ಸದಸ್ಯರು ಎಂಬುದನ್ನು ಲೇಖಕರು ಬರೆದಿಲ್ಲ.