ನಮ್ಮ ಅಡುಗೆಮನೆ: ಬಾತುಕೋಳಿಗೆ ಪುರುಸೊತ್ತು ಬೇಕು

ಮಾಂಸಾಹಾರದ ರೂಢಿಯಿಲ್ಲದ ಮನೆಗಳವರು ಈ ಸಲ ನಮ್ಮನ್ನು ಕ್ಷಮಿಸಿ, ಪುಟ ಮಗುಚಿ ಮುಂದೆ ಹೋಗಬೇಕೆಂದು ವಿನಂತಿ. ಉಳಿದವರೊಡನೆ ನಾವು ಇಂದು ಮಾತನಾಡಬೇಕೆಂದಿರುವುದು ಬಾತುಕೋಳಿಯ ಎದೆಯ ಮಾಂಸದ ವಿಷಯ. ಮುಂಬಯಿಯ ಕೆಲವು ದೊಡ್ಡ ಅಂಗಡಿಗಳಲ್ಲಿ ಅದು ಹಿಮಗಟ್ಟಿಸಿದ ಪೊಟ್ಟಣಗಳಲ್ಲಿ ಸಿಗುತ್ತದೆ. ಬೆಲೆ ಕೋಳಿಗಿಂತ ಬಹಳ ಹೆಚ್ಚು. ಆದುದರಿಂದ ಅಡುಗೆ ಕೆಟ್ಟರೆ ನಾಲಿಗೆಗೆ ಮಾತ್ರವಲ್ಲ, ಕೈಚೀಲಕ್ಕೂ ನೋವು.

ಕೆಡಿಸಿದ ನಮ್ಮ ಅನುಭವವನ್ನೇ ಮೊದಲು ಹೇಳಿಬಿಡುತ್ತೇವೆ. ಹೋದ ಡಿಸೆಂಬರಿನಲ್ಲಿ ಊರಿನಿಂದ ನಮ್ಮ ಅಕ್ಕ ಬಂದಿದ್ದರು. ಭಾವ ತೀರಿಕೊಂಡ ಮೇಲೆ ಅವರು ಮನೆ ಬಿಟ್ಟು ಹೊರಟದ್ದು ಅದೇ ಮೊದಲು. ‘ಅಮ್ಮನಿಗೆ ಊಟದ ಮೇಲೆ ಮನಸ್ಸೇ ಇಲ್ಲ ಚಿಕ್ಕಮ್ಮ, ನೀವಾದರೂ ನೋಡಿ’ ಎಂದು ಅವರ ಮಗ ಫೋನಿನಲ್ಲಿ ಹೇಳಿದ್ದ. ಒಂದು ಕಾಲದಲ್ಲಿ ಅವರ ಮನೆಯ ಕೆರೆಯಲ್ಲಿ ಬಾತುಗಳಿದ್ದವು; ಭಾವನಿಗೆ ಅದರ ಸಾರೆಂದರೆ ಪ್ರಾಣ. ಅದು ನೆನಪಾಗಿ, ಪೇಟೆಗೆ ಹೋಗಿ ಎರಡು ತುಂಡು ತಂದೆವು.

ತಂದು ಮಾಡಿದ್ದೇನು? ಕೋಳಿಗೆ ಮಾಡುವುದನ್ನೇ. ಎಣ್ಣೆ ಕಾಯಿಸಿ, ಹೊಗೆಯೇಳುವ ಬಾಣಲೆಗೆ ಮಾಂಸ ಹಾಕಿ, ಮೇಲೆ ಮಸಾಲೆ ಸುರಿದೆವು. ಮನೆಯೆಲ್ಲ ಹೊಗೆ. ತೊಗಲು ಹೊರಗೆ ಕರಕಲು, ಒಳಗೆ ರಬ್ಬರು. ಅಕ್ಕ ಎರಡು ತುತ್ತು ತಿಂದು, ತೊಗಲನ್ನು ತಟ್ಟೆಯ ಬದಿಗೆ ಸರಿಸಿ, ‘ಮಸಾಲೆ ಒಳ್ಳೆಯದಾಗಿದೆ’ ಎಂದರು. ಈ ಮಾತಿನ ಅರ್ಥವೇನೆಂದು ಒಲೆಯ ಮುಂದೆ ನಿಂತವರಿಗೆಲ್ಲ ಗೊತ್ತು. ಪಾತ್ರೆ ತೊಳೆಯುವಾಗ ಮೆಲ್ಲನೆ ಹೇಳಿದರು: ‘ಇದು ಕೋಳಿಯಲ್ಲ ಮಾರಾಯ್ತಿ. ನೀನು ಇದಕ್ಕೆ ಪುರುಸೊತ್ತು ಕೊಡಲಿಲ್ಲ.’

ಆ ಮಾತು ನೂರಕ್ಕೆ ನೂರು ಸರಿ. ಕೋಳಿಯ ಎದೆಯ ಮಾಂಸ ಬಿಳಿ. ರೆಕ್ಕೆ ಬಡಿದು ನಾಲ್ಕು ಮಾರು ಹಾರಲು ಅಷ್ಟು ಸಾಕು. ಸಾಕುಬಾತುಗಳಲ್ಲಿ ಹೆಚ್ಚಿನವುಗಳ ಮೂಲ ಮಲ್ಲಾರ್ಡ್ ಎಂಬ ಕಾಡುಬಾತು, ಬಹುದೂರ ಹಾರುವ ಹಕ್ಕಿ. ಹಾಗೆ ದಣಿಯದೆ ದುಡಿಯುವ ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಕೆಂಪು ವಸ್ತು ಹೆಚ್ಚು. ಆದುದರಿಂದಲೇ ಬಾತಿನ ಎದೆ ಕುರಿಮಾಂಸದಂತೆ ಕೆಂಪು. ನೀರಿನ ತಂಪನ್ನು ತಡೆಯಲು ತೊಗಲಿನ ಕೆಳಗೆ ದಪ್ಪನೆಯ ಕೊಬ್ಬು ಬೇರೆ. ಈ ಕೊಬ್ಬು ಕರಗಿ ಹೊರಬರಬೇಕು. ಅದಕ್ಕೆ ಹೊತ್ತು ಬೇಕು. ಬಾತಿನ ಅಡುಗೆಯ ಗುಟ್ಟೆಲ್ಲ ಇಷ್ಟೇ.

ಇನ್ನೊಂದು ಸಂಗತಿ. ಬಾತೆಂದರೆ ಎಲ್ಲ ಒಂದೇ ಅಲ್ಲ. ಕೊಬ್ಬಿಸಿ ಸಾಕಿದ ಎಳೆಯ ಬಾತು ಬೇರೆ. ಗದ್ದೆ, ಕೆರೆಗಳಲ್ಲಿ ಮೇದು ಬೆಳೆದದ್ದು ಬೇರೆ. ತೊಗಲಿನ ಕೆಳಗೆ ಬಿಳಿಯ ಕೊಬ್ಬು ದಪ್ಪಗೆ ಕಂಡರೆ ಮೊದಲನೆಯ ಕ್ರಮ. ತೆಳ್ಳಗಿದ್ದು ಮಾಂಸ ಬಿಗಿಯಾಗಿದ್ದರೆ ಎರಡನೆಯದು.

ಮೊದಲನೆಯದು: ತಣ್ಣನೆಯ ಬಾಣಲೆಯ ಕ್ರಮ. ಇದು ಫ್ರೆಂಚರ ರೀತಿ. ಅಲ್ಲಿನ ಗಾಸ್ಕನಿ ಪ್ರಾಂತದಲ್ಲಿ ಬಾತಿನ ಮಾಂಸವನ್ನು ಅದರದೇ ಕೊಬ್ಬಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಶೇಖರಿಸಿಡುವುದು ಹಳೆಯ ಪದ್ಧತಿ. ಎದೆಯನ್ನು ಬೇರ್ಪಡಿಸಿ, ಬಾಣಲೆಯಲ್ಲಿ ಹುರಿದು ಬಡಿಸುವುದನ್ನು ಪ್ರಸಿದ್ಧಿಗೆ ತಂದವರು ಓಶ್ ಪಟ್ಟಣದ ಆಂದ್ರೆ ದಾಗಾಂ ಎಂಬ ಬಾಣಸಿಗರು.

ಹಿಮಗಟ್ಟಿದ ಮಾಂಸವನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಟ್ಟು ಕರಗಲು ಬಿಡಿ, ಬಿಸಿನೀರಿಗೆ ಹಾಕಕೂಡದು. ಒಣಬಟ್ಟೆಯಿಂದ ತೊಗಲಿನ ನೀರನ್ನೆಲ್ಲ ಒತ್ತಿ ತೆಗೆಯಿರಿ. ಹರಿತವಾದ ಚೂರಿಯಿಂದ ತೊಗಲಿನ ಮೇಲೆ ಅರ್ಧ ಅಂಗುಲಕ್ಕೊಂದರಂತೆ ಅಡ್ಡ, ಉದ್ದ ಗೀರು ಹಾಕಿ. ಚೂರಿ ಕೊಬ್ಬಿನವರೆಗೆ ಹೋಗಲಿ, ಮಾಂಸಕ್ಕೆ ತಾಗದಿರಲಿ. ಎರಡೂ ಬದಿಗೆ ಉಪ್ಪು, ಕುಟ್ಟಿದ ಕರಿಮೆಣಸು ಸವರಿ.

ಅಂಚುಳ್ಳ ದಪ್ಪ ತಳದ ಬಾಣಲೆ ತೆಗೆದುಕೊಳ್ಳಿ. ದೋಸೆಯ ಕಾವಲಿ ಬೇಡ. ಕರಗಿದ ಕೊಬ್ಬು ಒಲೆಯ ಮೇಲೆ ಹರಿದೀತು. ಎಣ್ಣೆ ಹಾಕದೆ, ಬಾಣಲೆ ತಣ್ಣಗಿರುವಾಗಲೇ ತೊಗಲು ಕೆಳಗಾಗುವಂತೆ ಮಾಂಸವಿಟ್ಟು, ಆಮೇಲೆ ಸಣ್ಣ ಉರಿ ಹಚ್ಚಿ. ಕಾದ ಬಾಣಲೆಗೆ ಹಾಕಿದರೆ ಕೊಬ್ಬು ಕರಗುವ ಮೊದಲೇ ತೊಗಲು ಸುಡುತ್ತದೆ. ನಾವು ಮಾಡಿದ ತಪ್ಪು ಅದೇ. ಸುಮಾರು 200 ಗ್ರಾಮಿನ ತುಂಡಿಗೆ 12ರಿಂದ 15 ನಿಮಿಷ ಬೇಕು. ನಡುನಡುವೆ ಕೊಬ್ಬನ್ನು ಒಂದು ಬಟ್ಟಲಿಗೆ ಬಗ್ಗಿಸಿಕೊಳ್ಳುತ್ತಿರಿ. ತೊಗಲು ಹೊಂಬಣ್ಣಕ್ಕೆ ಬಂದು ಗರಿಗರಿಯಾದ ಮೇಲೆ ಮಗುಚಿ, ಮುಚ್ಚಳವಿಲ್ಲದೆ ಇನ್ನೊಂದು ಬದಿಯನ್ನು ಬೇಯಿಸಿ.

ಫ್ರೆಂಚರು ಒಳಗೆ ಕೆಂಪಿರುವಾಗಲೇ ಇಳಿಸುತ್ತಾರೆ. ಮಕ್ಕಳು, ಮುದುಕರು, ಬಸುರಿಯರಿರುವ ಮನೆಗೆ ಅದು ಸಲ್ಲದು. ಹಕ್ಕಿಯ ಮಾಂಸ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಉಷ್ಣಮಾಪಕವಿಲ್ಲದಿದ್ದರೆ ದಪ್ಪನೆಯ ಜಾಗದಲ್ಲಿ ಸೀಳಿ ನೋಡಿ, ಹಸಿಗೆಂಪು ಉಳಿಯದಷ್ಟು ಬೇಯಿಸಿ. ಕೂಡಲೆ ಕತ್ತರಿಸಬೇಡಿ. ಎಂಟು ನಿಮಿಷ ತಟ್ಟೆಯಲ್ಲಿ ಬಿಟ್ಟರೆ ರಸ ಒಳಗೇ ನಿಲ್ಲುತ್ತದೆ. ಆಮೇಲೆ ಎಳೆಗೆ ಅಡ್ಡಲಾಗಿ ತೆಳ್ಳಗೆ ಹೋಳು ಮಾಡಿ.

ಕೊಬ್ಬಿನ ಮಾಂಸಕ್ಕೆ ಹುಳಿಸಿಹಿ ಜೊತೆಯಾಗಬೇಕು. ಫ್ರೆಂಚರದು ಕಿತ್ತಳೆ. ನಾವು ಅದೇ ಬಾಣಲೆಗೆ ಎರಡು ನಾಗಪುರ ಕಿತ್ತಳೆಯ ರಸ, ನೆನೆಸಿದ ನಾಲ್ಕು ಕೋಕಂ ಸಿಪ್ಪೆ, ಒಂದು ಚಮಚ ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ಕುದಿಸುತ್ತೇವೆ. ಮಂಗಳೂರಿನವರ ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು ಇದೇ ತಾನೆ!

ಎರಡನೆಯದು: ಮೇದು ಬೆಳೆದ ಬಾತಿನ ಕ್ರಮ. ಕೇರಳದ ಕುಟ್ಟನಾಡಿನಲ್ಲಿ ಕೊಯ್ಲಾದ ಗದ್ದೆಗಳಿಗೆ ಬಾತಿನ ಹಿಂಡನ್ನು ಬಿಡುತ್ತಾರೆ. ಉದುರಿದ ಕಾಳು, ಹುಳುಹುಪ್ಪಟೆ ತಿಂದು ನಡೆದಾಡುವ ಆ ಹಕ್ಕಿಯ ಮಾಂಸ ರುಚಿ, ಆದರೆ ಗಟ್ಟಿ. ಅದಕ್ಕೆ ಅವರು ಕರಿಮೆಣಸು, ಈರುಳ್ಳಿ, ತೆಂಗಿನಹಾಲಿನಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ನಾವು ಎದೆಯನ್ನು ದೊಡ್ಡ ತುಂಡು ಮಾಡಿ, ಅರಿಸಿನ, ಮೆಣಸು, ಶುಂಠಿ, ಬೆಳ್ಳುಳ್ಳಿ, ಒಂದು ಚಮಚ ವಿನೆಗರ್ ಹಚ್ಚಿ ಒಂದು ಗಂಟೆ ಇಡುತ್ತೇವೆ. ಈರುಳ್ಳಿ ಬಾಡಿಸಿ, ತುಂಡುಗಳನ್ನು ಹಾಕಿ, ತೆಳು ತೆಂಗಿನಹಾಲಿನಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಒಂದು ಗಂಟೆಗೆ ಮೆತ್ತಗಾಗದಿದ್ದರೆ ಇನ್ನರ್ಧ ಗಂಟೆ ಬಿಡಿ. ಕೊನೆಗೆ ಗಟ್ಟಿ ಹಾಲು ಬೆರೆಸಿ, ಕುದಿ ಬರುವ ಮೊದಲೇ ಇಳಿಸಿ. ನೀರುದೋಸೆಗೆ ಇದು ಹೇಳಿ ಮಾಡಿಸಿದ ಜೊತೆ.

ಅಕ್ಕ ಹೊರಡುವ ಹಿಂದಿನ ದಿನ ಮತ್ತೊಮ್ಮೆ ಎರಡು ತುಂಡು ತಂದೆವು. ಮನೆಯಲ್ಲಿ ‘ಮತ್ತೆಯೇ?’ ಎಂದರು, ನಾವು ಕೇಳಿಸಿಕೊಳ್ಳಲಿಲ್ಲ. ಈ ಸಲ ತಣ್ಣನೆಯ ಬಾಣಲೆ. ಅಕ್ಕ ತಾವೇ ಒಲೆಯ ಮುಂದೆ ಮಣೆ ಹಾಕಿಕೊಂಡಂತೆ ಕುರ್ಚಿ ಎಳೆದು ಕುಳಿತು, ಕೊಬ್ಬು ಕರಗುವುದನ್ನು ನೋಡುತ್ತಿದ್ದರು. ನಾವು ಆ ಕೊಬ್ಬನ್ನು ಚೆಲ್ಲಲು ಹೋದಾಗ ಕೈ ಹಿಡಿದು ತಡೆದರು. ಅದರಲ್ಲೇ ಬೇಯಿಸಿದ ಬಟಾಟೆಯನ್ನು ಕೆಂಪಗೆ ಹುರಿದರು. ಸೋಸಿ ಗಾಜಿನ ಜಾಡಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಅದು ಕೆಲವು ವಾರ ಕೆಡುವುದಿಲ್ಲ.

ಊಟಕ್ಕೆ ಕುಳಿತಾಗ ತೊಗಲು ತಟ್ಟೆಯ ಬದಿಗೆ ಹೋಗಲಿಲ್ಲ. ಎರಡನೆಯ ಸಲ ಬಡಿಸಿಕೊಂಡು, ‘ನಿನ್ನ ಭಾವ ಇದ್ದಿದ್ದರೆ ಬಟಾಟೆಯನ್ನೆಲ್ಲ ಒಬ್ಬರೇ ಮುಗಿಸುತ್ತಿದ್ದರು’ ಎಂದರು. ಆ ಹತ್ತು ದಿನಗಳಲ್ಲಿ ಅವರು ಭಾವನ ಮಾತೆತ್ತಿದ್ದು ಅದೊಂದೇ ಸಲ.

ನಿಮ್ಮ ಮನೆಯಲ್ಲಿ ಬಾತನ್ನು ಬೇರೆ ರೀತಿಯಲ್ಲಿ ಮಾಡುವ ವಾಡಿಕೆಯಿದ್ದರೆ ದಯವಿಟ್ಟು ಬರೆದು ತಿಳಿಸಿ. ಅಳತೆ, ಹೊತ್ತು ಎರಡನ್ನೂ ಬರೆಯಲು ಮರೆಯಬೇಡಿ.